ಪ್ರೇಯರ್ ಬಂದಾಗ ಸ್ಕಿಪ್ ಮಾಡ್ದೆ ಅಂದೋರಿಗೆ

ನಮಸ್ಕಾರ ನಮಸ್ಕಾರ, ಎಲ್ರೂ ಹೇಗಿದೀರಾ, ಕಾಫಿ ಆಯ್ತಾ? ಇವತ್ತು ಮಾಡ್ಬೇಕಾಗಿದ್ದ ವಿಡಿಯೋನೇ ಬೇರೆ. ಡಿಸೆಂಬರ್‌ಗೆ ಏನೇನು ಓದ್ಬೇಕು ಅಂತ ಲಿಸ್ಟ್ ರೆಡಿ ಇತ್ತು, ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಸ್ವೆಟರ್ ಹಾಕ್ಕೊಂಡು ಬೆವರು ಸುರಿಸ್ಕೊಂಡು ಥಂಬ್‌ನೇಲ್ ಫೋಟೋ ಕೂಡ ತೆಗೆಸ್ಕೊಂಡಿದ್ದೆ. ಎಲ್ಲ ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರ್ದಿದಾರೆ, ಓದ್ತೀನಿ ಕೇಳಿ: "ಮೇಡಂ, ನೀವು ಹೇಳಿದ ಕ್ರಿಸ್‌ಮಸ್ ಲವ್ ಸ್ಟೋರಿ ಓದಿದೆ, ಸೂಪರ್. ಪ್ರೇಯರ್ ಬಂದಾಗೆಲ್ಲ ಸ್ಕಿಪ್ ಮಾಡ್ದೆ, ಏನೂ ಮಿಸ್ ಆಗ್ಲಿಲ್ಲ." ಅದಕ್ಕೆ ನಲವತ್ತೇಳು ಲೈಕ್. ನಾನು ಮೂರು ರಾತ್ರಿ ಕೂತು ಎಡಿಟ್ ಮಾಡಿದ ವಿಡಿಯೋಗೂ ಅಷ್ಟು ಬಂದಿಲ್ಲ, ಅದಿರ್ಲಿ.

ಏನೂ ಮಿಸ್ ಆಗ್ಲಿಲ್ಲ ಅಂತೆ! ಬಿಸಿಬೇಳೆಬಾತಲ್ಲಿ ಬೇಳೆ ಎತ್ತಿಟ್ಟು ತಿಂದೆ, ಚೆನ್ನಾಗಿತ್ತು ಅಂದಂಗಾಯ್ತು.

ಗೊತ್ತಿಲ್ದೇ ಇರೋರಿಗೆ ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ. ಅಮೆರಿಕದಲ್ಲಿ ಇನ್‌ಸ್ಪಿರೇಷನಲ್ ರೊಮ್ಯಾನ್ಸ್ ಅಂತ, ಅಂದ್ರೆ ದೇವ್ರ ನಂಬಿಕೆ ಬೆರೆತಿರೋ ಲವ್ ಸ್ಟೋರಿ, ದೊಡ್ಡ ಮಾರ್ಕೆಟ್ಟೇ ಇದೆ. ನಮ್ಮಲ್ಲಿ ಬಾಡಿಗೆ ಲೈಬ್ರರಿಯಿಂದ ತಂದು ಟೆಕ್ಸ್ಟ್ ಬುಕ್ ಒಳಗಿಟ್ಕೊಂಡು ಓದ್ತಿದ್ರಲ್ಲ ಮಿಲ್ಸ್ ಆಂಡ್ ಬೂನ್, ಅದನ್ನ 1971ರಲ್ಲಿ ಕೊಂಡ್ಕೊಂಡಿದ್ದು ಕೆನಡಾದ ಹಾರ್ಲೆಕ್ವಿನ್, ಅದೇ ಕಂಪನಿ 1997ರಲ್ಲಿ ಲವ್ ಇನ್‌ಸ್ಪೈರ್ಡ್ ಅಂತ ಕ್ರಿಶ್ಚಿಯನ್ ಲವ್ ಸ್ಟೋರಿಗಳಿಗೇ ಬೇರೆ ಲೈನ್ ಶುರು ಮಾಡ್ತು. ಮದುವೆಗೆ ಮುಂಚೆ ಬೆಡ್‌ರೂಮ್ ಇಲ್ಲ, ಕೆಟ್ಟ ಮಾತಿಲ್ಲ. ಕ್ರಿಸ್‌ಮಸ್ ಬಂತು ಅಂದ್ರೆ ಇಂಥ ಪುಟಾಣಿ ಕಾದಂಬರಿಗಳ ಸುಗ್ಗಿ. ಸಣ್ಣ ಊರು, ಹಿಮ, ಗಂಡನ್ನ ಕಳ್ಕೊಂಡಿರೋ ಒಬ್ಳು, ಊರು ಬಿಟ್ಟು ಹೋಗಿ ವಾಪಸ್ ಬಂದಿರೋ ಒಬ್ಬ, ಚರ್ಚಲ್ಲಿ ಮಕ್ಕಳ ನಾಟಕ, ತಲೆಗೆ ಟವೆಲ್ ಸುತ್ಕೊಂಡು ಕುರುಬರ ಪಾರ್ಟು ಮಾಡೋ ಹುಡುಗ್ರು. ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದು ಚರ್ಚ್ ಊಟದ ಸೀನು. ಎಲ್ರೂ ಮನೆಯಿಂದ ಒಂದೊಂದು ಪಾತ್ರೆ ತರ್ತಾರೆ, ಅದಲು ಬದಲಾಗ್ಬಾರ್ದು ಅಂತ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದಿರ್ತಾರೆ. ನಮ್ಮಮ್ಮ ಸ್ಟೀಲ್ ಡಬ್ಬಿ ಮೇಲೆಲ್ಲ ಹೆಸರು ಕೆತ್ತಿಸಿದಾಳಲ್ಲ, ಸೇಮ್ ಅದೇ ಬುದ್ಧಿ! ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಪಾತ್ರೆ ವಿಷ್ಯದಲ್ಲಿ ಯಾರೂ ಯಾರನ್ನೂ ನಂಬಲ್ಲ.

ಸರಿ, ಪಾಯಿಂಟಿಗೆ ಬರ್ತೀನಿ. ಈ ಪುಸ್ತಕದಲ್ಲಿ ಬೆಡ್‌ರೂಮ್ ಸೀನ್ ಇಲ್ಲ ಅಂದ್ಮೇಲೆ ಇವರಿಬ್ರೂ ಹತ್ರ ಬರೋದು ಎಲ್ಲಿ? ಮುತ್ತು ಅಂತೂ ಸಾಮಾನ್ಯವಾಗಿ ಕೊನೇಲಿ ಒಂದು, ಅದೂ ಅಕ್ಕಪಕ್ಕದಲ್ಲಿ ಯಾರಾದ್ರೂ ಆಂಟಿ ನೋಡ್ತಿರ್ತಾಳೆ. ಹತ್ರ ಬರೋದು ಪ್ರಾರ್ಥನೆಲಿ ಕಣ್ರೀ. ಆ ಹುಡುಗಿ ಪುಸ್ತಕ ಪೂರ್ತಿ ಸುಳ್ಳು ಹೇಳ್ಕೊಂಡು ಓಡಾಡ್ತಿರ್ತಾಳೆ, ನಾನು ಚೆನ್ನಾಗಿದೀನಿ, ನಂಗೇನೂ ಬೇಜಾರಿಲ್ಲ, ನೀನು ವಾಪಸ್ ಸಿಟಿಗೆ ಹೋದ್ರೆ ನಂಗೇನಂತೆ, ಹೀಗೆ. ರಾತ್ರಿ ಒಬ್ಳೇ ಕೂತು ದೇವ್ರ ಹತ್ರ ಮಾತಾಡೋವಾಗ ಮಾತ್ರ ನಿಜ ಬಾಯಿಗೆ ಬರುತ್ತೆ. ನೀವು ಹಾರಿಸಿದ್ದು ಅದನ್ನ! ಇರೋದೇ ನೂರಿಪ್ಪತ್ತು ಪೇಜು, ಅದ್ರಲ್ಲಿ ಅವಳು ನಿಜ ಹೇಳಿರೋದು ಆರು ಪೇಜು, ಆ ಆರನ್ನೇ ಹಾರಿಸಿ ಬಾಕಿ ಸುಳ್ಳೆಲ್ಲ ಓದಿ ಸೂಪರ್ ಅಂತೀರಲ್ಲ, ನಿಮ್ಮನ್ನ ಏನಂತ ಕರೀಲಿ.

"ನಾವು ಕ್ರಿಶ್ಚಿಯನ್ ಅಲ್ವಲ್ಲ ಮೇಡಂ" ಅಂತ ಇನ್ನೊಬ್ರು. ನಾನೂ ಅಲ್ಲಪ್ಪ! ಶನಿವಾರ ಆಂಜನೇಯನ ಗುಡೀಲಿ ವಡೆ ಪ್ರಸಾದಕ್ಕೆ ಎರಡು ಸಲ ಕ್ಯೂ ನಿಲ್ಲೋ ಜನ ನಾನು. ಅಕ್ಕಮಹಾದೇವಿ ವಚನ ಓದ್ತೀರಲ್ಲ, ಅದು ಪ್ರೇಮ ಅಲ್ದೇ ಇನ್ನೇನು. ಅಲ್ಲಿ ಚೆನ್ನಮಲ್ಲಿಕಾರ್ಜುನ ಅಂತ ಬಂದ ತಕ್ಷಣ ಸ್ಕಿಪ್ ಮಾಡ್ತೀರಾ? ಅಂಕಿತ ಕಿತ್ತಾಕಿ ಬರೀ ವಿರಹ ಇಟ್ಕೊಂಡ್ರೆ ಆಯಮ್ಮ ಯಾರಿಗೋಸ್ಕರ ಎಲ್ಲಾ ಬಿಟ್ಟು ಹೊರಟ್ಳು ಅನ್ನೋದೇ ಗೊತ್ತಾಗಲ್ಲ. ಅಲ್ಲಿ ಕಣ್ಣು ಒದ್ದೆ ಮಾಡ್ಕೋತೀರಿ, ಇಲ್ಲಿ ಮಾತ್ರ ಹೆಬ್ಬೆರಳಲ್ಲಿ ಸ್ವೈಪು.

ಒಂದ್ನಿಮಿಷ, ಕುಕ್ಕರ್ ಕೂಗ್ತಿದೆ. ಹಾಂ, ಅಮ್ಮ ಆಫ್ ಮಾಡಿದ್ಲು. ಈ ಗ್ಯಾಪಲ್ಲಿ ಸಬ್‌ಸ್ಕ್ರೈಬ್ ಮಾಡಿ, ನೋಡೋರಲ್ಲಿ ಅರ್ಧಕ್ಕರ್ಧ ಜನ ಮಾಡಿಲ್ಲ, ನಂಗೆ ಎಲ್ಲಾ ಕಾಣ್ಸುತ್ತೆ.

ಈಗ ಅಮೆರಿಕದ ಲೇಖಕ ಓ. ಹೆನ್ರಿ ಕಥೆ ತಗೊಳ್ಳಿ, ದಿ ಗಿಫ್ಟ್ ಆಫ್ ದಿ ಮ್ಯಾಜೈ, 1905ರ ಡಿಸೆಂಬರಲ್ಲಿ ನ್ಯೂಯಾರ್ಕ್ ಪೇಪರಲ್ಲಿ ಬಂದಿದ್ದು. ಅದು ಕಾದಂಬರಿ ಅಲ್ಲ ಸಣ್ಣ ಕಥೆ, ಗೊತ್ತು, ಕೆಳಗೆ ಟೈಪ್ ಮಾಡೋಕೆ ಹೋಗ್ಬೇಡಿ. ಡೆಲ್ಲಾ ಹತ್ರ ಇರೋದು 1 ಡಾಲರ್ 87 ಸೆಂಟು, ನಾಳೆ ಕ್ರಿಸ್‌ಮಸ್ಸು. ಉದ್ದ ಕೂದಲನ್ನ 20 ಡಾಲರಿಗೆ ಮಾರ್ತಾಳೆ, 21 ಡಾಲರ್ ಕೊಟ್ಟು ಗಂಡ ಜಿಮ್‌ನ ವಾಚಿಗೆ ಚೈನ್ ತರ್ತಾಳೆ, ಕೈಲಿ ಉಳಿದಿದ್ದು 87 ಸೆಂಟು. ಅವನು ವಾಚ್ ಮಾರಿ ಅವಳ ಕೂದಲಿಗೆ ಬಾಚಣಿಗೆ ತಂದಿರ್ತಾನೆ. ಇಷ್ಟು ಎಲ್ರಿಗೂ ಗೊತ್ತು, ವಾಟ್ಸಾಪಲ್ಲೂ ಬಂದಿರುತ್ತೆ, ಕೆಳಗಡೆ ಗುಡ್ ಮಾರ್ನಿಂಗ್ ಗುಲಾಬಿ ಸಮೇತ. ಆದ್ರೆ ಆ ಎರಡರ ಮಧ್ಯೆ ಒಂದು ಸಾಲು ಇದೆ. ಕತ್ತರಿಸಿ ಉಳಿದ ಗಿಡ್ಡ ಕೂದಲನ್ನ ಸುರುಳಿ ಮಾಡ್ಕೊಂಡು, ಏಳು ಗಂಟೆಗೆ ಕಾಫಿ ಮಾಡಿಟ್ಟು, ಒಲೆ ಮೇಲೆ ಬಾಣಲೆ ಕಾಯಿಸ್ಕೊಂಡು, ಚೈನ್ ಕೈಲಿ ಮಡಚಿ ಹಿಡ್ಕೊಂಡು ಬಾಗಿಲ ಹತ್ರ ಕೂತಿದಾಳೆ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು. ಅವಳ ಮುಖ ಬಿಳಿಚ್ಕೊಳುತ್ತೆ. ಅವಳಿಗೆ ದಿನದ ಸಣ್ಣ ಪುಟ್ಟ ವಿಷ್ಯಕ್ಕೆಲ್ಲ ಮನಸಲ್ಲೇ ಬೇಡ್ಕೊಳೋ ಅಭ್ಯಾಸ, ಈಗ ಮೆಲ್ಲಗೆ ಬೇಡ್ಕೋತಾಳೆ, ದೇವ್ರೇ, ನಾನು ಇನ್ನೂ ಚೆನ್ನಾಗಿದೀನಿ ಅಂತ ಅವನಿಗೆ ಅನ್ನಿಸ್ಲಿ ಅಂತ.

ಅಷ್ಟೇ, ಒಂದೇ ಸಾಲು. ಅಲ್ಲಿವರೆಗೂ ಅವಳು ತ್ಯಾಗಮಯಿ ಹೆಂಡ್ತಿ, ಕ್ಯಾಲೆಂಡರ್ ಚಿತ್ರ. ಆ ಸಾಲಲ್ಲಿ ಮನುಷ್ಯಳು. ಭಯ ಇದೆ, ಸ್ವಲ್ಪ ಜಂಬನೂ ಇದೆ, ಇವನಿಗೆ ನಾನು ಬೇಡ ಆಗ್ಬಿಟ್ರೆ ಅಂತ ಹೊಟ್ಟೇಲಿ ಕಿವುಚ್ತಿದೆ. ಗಂಡನ ಹತ್ರ ಹಾಗೆ ಕೇಳ್ತಾಳಾ? ಅವನ ಮುಂದೆ ನನ್ನ ಕೂದ್ಲು ಬೇಗ ಬೆಳೆಯುತ್ತೆ ಜಿಮ್ ಅಂತ ಸಮಾಧಾನ ಹೇಳ್ತಾಳೆ. ಹಾರ್ಸಿ ನೋಡೋಣ ಆ ಸಾಲನ್ನ! ಏನೂ ಮಿಸ್ ಆಗ್ಲಿಲ್ಲ ಅನ್ನಿ ನೋಡೋಣ!

ಮತ್ತೆ ಒಬ್ಬ ಅಣ್ಣ, ಇದೆಲ್ಲ ಓದಿದ್ರೆ ಮತಾಂತರ ಆಗೋಗ್ತೀರ ಹುಷಾರು ಅಂತ ಮೂರು ಸಲ ಕಾಪಿ ಪೇಸ್ಟ್ ಮಾಡಿದಾನೆ. ಅಣ್ಣಾ, ಹತ್ತು ವರ್ಷದಿಂದ ಓದ್ತಿದೀನಿ, ಆಗಿರೋ ಬದಲಾವಣೆ ಏನಂದ್ರೆ ಡಿಸೆಂಬರಲ್ಲಿ ಪ್ಲಮ್ ಕೇಕ್ ಜಾಸ್ತಿ ತಿಂತೀನಿ, ಜನವರೀಲಿ ಬ್ಲೌಸ್ ಹಿಡಿಯುತ್ತೆ. ಇನ್ನು ಬೋಧನೆ ಜಾಸ್ತಿ, ಬೋರು ಅನ್ನೋರು. ಹೌದು, ಕೆಲವು ಪುಸ್ತಕದಲ್ಲಿ ಪಾಸ್ಟರ್ ನಾಲ್ಕು ಪೇಜ್ ಭಾಷಣ ಬಿಗೀತಾನೆ, ಒಂದ್ಸಲ ನಾನೇ ಅಲ್ಲಿ ನಿದ್ದೆ ಹೋಗಿ ಕಿಂಡಲ್ ಮೂಗಿನ ಮೇಲೆ ಬಿದ್ದು ಊದ್ಕೊಂಡಿತ್ತು. ಆದ್ರೆ ಅದು ಭಾಷಣ, ಪ್ರಾರ್ಥನೆ ಅಲ್ಲ! ಭಾಷಣ ಜನರಿಗೆ ಹೇಳೋದು, ಪ್ರಾರ್ಥನೆ ಜನ ಇಲ್ದಾಗ ಹೇಳೋದು. ಭಾಷಣ ಬೇಕಾದ್ರೆ ಹಾರಿಸ್ಕೊಳಿ, ನಾನೇನೂ ಪೊಲೀಸ್ ಕರಿಯಲ್ಲ.

ಮೂಲ ಕ್ರಿಸ್‌ಮಸ್ ಕಥೆನೇ ನೋಡಿ. ಬೈಬಲ್ಲಲ್ಲಿ ಯೇಸು ಹುಟ್ಟಿದ ಕಥೆ ಹೇಳೋ ಮತ್ತಾಯನ ಸುವಾರ್ತೆ, 1ನೇ ಅಧ್ಯಾಯ. ನಿಶ್ಚಯ ಆಗಿರೋ ಹುಡುಗ ಯೋಸೇಫ, ಹುಡುಗಿ ಮರಿಯ ಬಸುರಿ ಅಂತ ಗೊತ್ತಾಗಿದೆ, ಅವಳ ಮರ್ಯಾದೆ ಹೋಗ್ಬಾರ್ದು ಅಂತ ಗುಟ್ಟಾಗಿ ಬಿಟ್ಬಿಡೋಕೆ ಯೋಚ್ನೆ ಮಾಡ್ತಾನೆ. ರಾತ್ರಿ ಕನಸಲ್ಲಿ ದೇವದೂತ ಬಂದು ಹೆದರ್ಬೇಡ, ಕರ್ಕೊಂಡು ಹೋಗು ಅಂತಾನೆ, ಎದ್ದು ಕರ್ಕೊಂಡು ಹೋಗ್ತಾನೆ. ಸುವಾರ್ತೆಗಳಲ್ಲಿ ಎಲ್ಲೂ ಯೋಸೇಫ ಆಡಿದ ಒಂದು ಮಾತೂ ಇಲ್ಲ, ಒಂದೇ ಒಂದು ಡೈಲಾಗ್ ಇಲ್ಲ ಹೀರೋಗೆ! ಈಗ ಆ ಕನಸನ್ನ ಸ್ಕಿಪ್ ಮಾಡಿ. ಬಿಡ್ಬೇಕು ಅಂದ್ಕೊಂಡಿದ್ದ, ಬೆಳಗ್ಗೆ ಕರ್ಕೊಂಡು ಹೋದ. ಯಾಕೆ? ಮೂಡ್ ಚೇಂಜಾ? ಬಾತ್‌ರೂಮಿಗೆ ಹೋದಾಗ ಪಾಜ್ ಮಾಡದೇ ಬಿಟ್ಟ ಸೀರಿಯಲ್ ಥರ ಇರುತ್ತೆ.

ಇಷ್ಟು ಹೇಳಿದ್ಮೇಲೂ ಇಲ್ಲ ಮೇಡಂ ನಾನು ಸ್ಕಿಪ್ಪೇ ಮಾಡೋದು ಅಂತೀರಾ? ಮಾಡ್ಬೇಡಿ ಅಂದ್ರೆ ಮಾಡ್ಬೇಡಿ. ಯಾಕೆ ಅಂದ್ರೆ ಯಾಕೆ? ನಾನು ಹೇಳ್ತಿದೀನಿ ಅದಕ್ಕೆ. ಇನ್ನೂ ಎರಡು ಪಾಯಿಂಟ್ ಬರ್ಕೊಂಡಿದ್ದೆ, ಆ ಚೀಟಿ ಮೇಲೆ ಅಮ್ಮ ಹಾಲಿನ ಲೆಕ್ಕ ಬರೆದು ತಗೊಂಡು ಹೋಗಿದಾಳೆ. ಒಂದು ಆಮಿಶ್ ಜನರ, ಅಂದ್ರೆ ಅಮೆರಿಕದಲ್ಲಿ ಹಳೇ ಕಾಲದ ಥರ ಬದುಕೋ ಒಂದು ಕ್ರಿಶ್ಚಿಯನ್ ಪಂಗಡದ, ಕಥೆಗಳ ಬಗ್ಗೆ ಇತ್ತು, ಅವರು 26ನೇ ತಾರೀಕೂ ಎರಡನೇ ಕ್ರಿಸ್‌ಮಸ್ ಅಂತ ಮಾಡ್ತಾರೆ, ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಬರೆದಿದ್ದೆ ಅಂತ ಈಗ ನೆನಪಾಗ್ತಿಲ್ಲ. ಇರುತ್ತೆ ಏನೋ ಸಂಬಂಧ.

ಆ ಕಾಮೆಂಟ್ ಹಾಕಿದೋರೇ, ನಿಮ್ಮನ್ನ ಬ್ಲಾಕ್ ಮಾಡಲ್ಲ. ಅದೇ ಪುಸ್ತಕ ಮತ್ತೆ ತೆಗೀರಿ, ಅವಳು ಖಾಲಿ ಚರ್ಚಲ್ಲಿ ಲಾಸ್ಟ್ ಬೆಂಚಲ್ಲಿ ಕೂತಿರೋ ಚಾಪ್ಟರ್ ಓದಿ, ಓದಿ ಆದ್ಮೇಲೆ ಇಲ್ಲೇ ಬಂದು ಅವಳು ಏನು ಕೇಳ್ಕೊಂಡ್ಳು ಅಂತ ಬರೀರಿ. ಬರೆದ್ರೆ ನಾನೇ ಕ್ರೋಶಾದಲ್ಲಿ ಹೆಣೆದಿರೋ ಬುಕ್‌ಮಾರ್ಕ್ ಫ್ರೀ, ಕೊರಿಯರ್ ಚಾರ್ಜ್ ನಿಮ್ದು. ಬೇರೆಯೋರಿಗೆ ಅರವತ್ತು ರುಪಾಯಿ, ಲಿಂಕ್ ಕೆಳಗಿದೆ. ಬಂದೆ ಅಮ್ಮಾ, ಬಂದೆ, ಮುಗೀತು!