ಜಿಗಿಯುವವರು ಬೇರೆ, ನೋಡುವವರು ಬೇರೆ: ವಿ.ಆರ್. ಒಳಗಿನ ಪ್ಲಾಟ್‌ಫಾರ್ಮ್ ಆಟಗಳು

ಅಧ್ಯಾಪಕ ಮಿತ್ರರೆ, ಆಟಗಳನ್ನು ಕಟ್ಟುವ ಕನಸಿಟ್ಟುಕೊಂಡು ಹುಬ್ಬಳ್ಳಿ, ಗದಗಗಳಿಂದ ಧಾರವಾಡದ ಈ ಸಭಾಂಗಣಕ್ಕೆ ಬಂದಿರುವ ವಿದ್ಯಾರ್ಥಿಗಳೆ,

ವರ್ಚುವಲ್ ರಿಯಾಲಿಟಿ (ವಿ.ಆರ್.) ಎಂದರೆ ಆಟದ ನಾಯಕನ ಕಣ್ಣಿನಿಂದಲೇ ಲೋಕವನ್ನು ನೋಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿದ್ದ ಮೇಲೆ, ಎದುರಿಗೆ ಓಡಾಡುವ ಪುಟ್ಟ ಪಾತ್ರವೊಂದನ್ನು ಹೊರಗಿನಿಂದ ನೋಡುತ್ತ ಜಿಗಿಸುವುದಕ್ಕೆ ಕಣ್ಣು ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ ಅಷ್ಟು ದುಬಾರಿ ಹೆಡ್‌ಸೆಟ್ ಏಕೆ, ಮನೆಯ ಟಿವಿ ಸಾಲದೇ ಎಂದು ಕೇಳುವುದು ಸಹಜವೇ. ಸಾಲದು ಎನ್ನುವುದು ನನ್ನ ಅಭಿಪ್ರಾಯ. ಈ ಮಾಧ್ಯಮಕ್ಕೆ ಚೆನ್ನಾಗಿ ಒಗ್ಗುವ ಆಟಗಳಲ್ಲಿ, ಪಾತ್ರವನ್ನು ಕಟ್ಟೆಯಿಂದ ಕಟ್ಟೆಗೆ ಜಿಗಿಸುತ್ತ ಸಾಗುವ ಪ್ಲಾಟ್‌ಫಾರ್ಮ್ ಆಟವೂ ಒಂದು. ಆದರೆ ಅದಕ್ಕಾಗಿ ಆಟ ಕಟ್ಟುವವರು ಕ್ಯಾಮೆರಾದ, ಅಂದರೆ ಆಟದ ಲೋಕವನ್ನು ಯಾವ ಕಡೆಯಿಂದ ತೋರಿಸಬೇಕು ಎಂಬುದರ ಮೇಲಿನ ಹಿಡಿತವನ್ನು ಬಹುಪಾಲು ಬಿಟ್ಟುಕೊಡಬೇಕಾಗುತ್ತದೆ.

1996ರ ಸೂಪರ್ ಮಾರಿಯೋ 64 ಆಟದಲ್ಲಿ, ಮೋಡದ ಮೇಲೆ ಕುಳಿತ ಲಕಿಟು ಎಂಬ ಪಾತ್ರವೇ ಕ್ಯಾಮೆರಾ ಹಿಡಿದು ಮಾರಿಯೋನನ್ನು ಹಿಂಬಾಲಿಸುತ್ತದೆ. ಟಿವಿಯಲ್ಲಿ ಆ ಕ್ಯಾಮೆರಾ ಗಿರಕಿ ಹೊಡೆದರೂ ನಮಗೆ ಅಷ್ಟಾಗಿ ತೊಂದರೆಯಾಗದು. ಟಿವಿಯ ಸುತ್ತಲಿನ ಗೋಡೆ, ಬಾಗಿಲುಗಳು ಕದಲದೆ ನಿಂತಿರುತ್ತವೆ. ಹೆಡ್‌ಸೆಟ್ ಹಾಕಿಕೊಂಡಾಗ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಕ್ಯಾಮೆರಾ ತಿರುಗಿದರೆ ಲೋಕವೇ ತಿರುಗಿದಂತಾಗಿ, ನಾವು ತಿರುಗುತ್ತಿದ್ದೇವೆಂದು ಕಣ್ಣು ಹೇಳುತ್ತದೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೇವೆಂದು ಒಳಗಿವಿಯ ಸಮತೋಲನದ ಅಂಗ ಹೇಳುತ್ತದೆ. ಚಿಗರಿ ಬಸ್ಸಿನಲ್ಲಿ ಮೊಬೈಲ್ ಓದುತ್ತ ಬಂದವರಿಗೆ ಹೊಟ್ಟೆ ತೊಳಸುವುದೂ ಇಂಥದೇ ವಿರಸದಿಂದ, ಆದರೆ ಅಲ್ಲಿ ಚಲನೆ ಕಿವಿಗೆ ತಿಳಿಯುತ್ತದೆ, ಪರದೆಗೆ ಅಂಟಿಕೊಂಡ ಕಣ್ಣಿಗೆ ತಿಳಿಯುವುದಿಲ್ಲ.

ಹೊರಗಿನಿಂದ ನೋಡುವ ಆಟಕ್ಕೆ ಇಲ್ಲೊಂದು ಅನುಕೂಲವಿದೆ: ಪಾತ್ರ ಎಷ್ಟೇ ಕುಪ್ಪಳಿಸಲಿ, ನೋಡುವವರ ದೇಹ ಅದರ ಜೊತೆ ಕುಪ್ಪಳಿಸಬೇಕಾಗಿಲ್ಲ. 2016ರಲ್ಲಿ ಆಕ್ಯುಲಸ್ ರಿಫ್ಟ್ ಎಂಬ ಹೆಡ್‌ಸೆಟ್ ಜೊತೆಗೇ ಬಂದ ಲಕ್ಕೀಸ್ ಟೇಲ್ ಆಟದಲ್ಲಿ ಕ್ಯಾಮೆರಾ ಆಟದ ನಾಯಕನಾದ ನರಿಯ ಹಿಂದೆ ನಿಧಾನವಾಗಿ, ಮೆತ್ತಗೆ ಸಾಗುತ್ತದೆ. ಅದೇ ವರ್ಷದ ಕ್ರೋನೋಸ್ ಆಟವು, ಅದು ಪ್ಲಾಟ್‌ಫಾರ್ಮ್ ಆಟವಲ್ಲವಾದರೂ, ಕ್ಯಾಮೆರಾವನ್ನು ಒಂದೆಡೆ ನೆಟ್ಟು, ಪಾತ್ರ ಮುಂದೆ ಹೋದಾಗ ಇನ್ನೊಂದು ಜಾಗದಿಂದ ತೋರಿಸುವ ದಾರಿ ಹಿಡಿಯಿತು.

2018ರ ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್ ಆಟವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಇಲ್ಲಿ ಕ್ಯಾಮೆರಾ ಮುಂದಕ್ಕೆ ಮಾತ್ರ ಸಾಗುತ್ತದೆ. ಅದನ್ನು ತಿರುಗಿಸುವ ಗುಂಡಿಯೇ ಇಲ್ಲ. ಪುಟ್ಟ ರೋಬೋ ಗೋಡೆಯ ಹಿಂದೆ ಮರೆಯಾದರೆ ಆಡುವವರು ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿ, ಕುತ್ತಿಗೆ ಚಾಚಿ ಇಣುಕಬೇಕು. ಇಣುಕುವುದು ನಮ್ಮದೇ ಕುತ್ತಿಗೆಯಾದ್ದರಿಂದ ಕಣ್ಣಿಗೂ ಕಿವಿಗೂ ಜಗಳವಿಲ್ಲ. ಕೈಯಲ್ಲಿರುವ ಕಂಟ್ರೋಲರ್ ಕೂಡ ಆಟದೊಳಗೆ ಕಾಣಿಸುತ್ತದೆ. ಕೆಲವು ಹಂತಗಳಲ್ಲಿ ಅದರಿಂದ ಕೊಕ್ಕೆಯ ಹಗ್ಗ ಎಸೆದರೆ ರೋಬೋ ಆ ಹಗ್ಗದ ಮೇಲೆಯೇ ನಡೆದುಹೋಗುತ್ತದೆ. ಹೊರಗೆ ಕುಳಿತವರಿಗೂ ಆಟದಲ್ಲಿ ಒಂದು ಜಾಗ ಕೊಟ್ಟದ್ದು ಈ ತಂಡದ ಜಾಣತನ. ಅದೇ ವರ್ಷ ಬಂದ ಮಾಸ್ ಆಟದಲ್ಲಿ ಕ್ವಿಲ್ ಎಂಬ ಇಲಿ ತಲೆಯೆತ್ತಿ ನಮ್ಮನ್ನೇ ನೋಡಿ, ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಕೈಸನ್ನೆ ಮಾಡುತ್ತದೆ. ಅಲ್ಲಿನ ದೃಶ್ಯಗಳು ಗಣಪತಿ ಹಬ್ಬದ ಮಂಟಪದೊಳಗೆ ಜೋಡಿಸಿದ ಪುಟ್ಟ ಊರಿನಂತೆ ಕಣ್ಣೆದುರು ಹರಡಿಕೊಂಡಿರುತ್ತವೆ.

ಜಿಗಿತದ ಲೆಕ್ಕಾಚಾರವೂ ಇಲ್ಲಿ ಬದಲಾಗುತ್ತದೆ. ಚಪ್ಪಟೆ ಪರದೆಯಲ್ಲಿ ಆಳ ತಿಳಿಯದ ಕಾರಣ, ಪಾತ್ರದ ಕೆಳಗೊಂದು ದುಂಡು ನೆರಳು ಬಿಡಿಸಿ, ಅದು ಎಲ್ಲಿ ಇಳಿಯುತ್ತದೆಂದು ಸೂಚಿಸುವ ಪದ್ಧತಿ ಬಂತು. ಹೆಡ್‌ಸೆಟ್‌ನಲ್ಲಿ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಸಿಗುವುದರಿಂದ, ಹತ್ತಿರದ ಎರಡು ಕಟ್ಟೆಗಳ ನಡುವಿನ ಅಂತರ ನೋಡಿದೊಡನೆ ತಿಳಿಯುತ್ತದೆ. ದೂರ ಹೆಚ್ಚಿದಂತೆ ಆ ಲಾಭ ಕರಗುತ್ತದೆ. ಆದ್ದರಿಂದ ನೆರಳನ್ನು ತೆಗೆದುಹಾಕುವ ಉತ್ಸಾಹ ಬೇಡ.

ನೀವೇ ಇಂಥ ಆಟ ಕಟ್ಟಲು ಕುಳಿತಾಗ ಮೊದಲು ಮಾಡಬೇಕಾದದ್ದು ಕ್ಯಾಮೆರಾವನ್ನು ಪಾತ್ರದಿಂದ ಬಿಡಿಸುವುದು. ಪಾತ್ರ ಮೇಲಕ್ಕೆ ನೆಗೆದಾಗ ಕ್ಯಾಮೆರಾ ನೆಗೆಯಬಾರದು, ಅದು ತಿರುಗಿದಾಗ ಇದು ತಿರುಗಬಾರದು. ಹೆಡ್‌ಸೆಟ್ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುತ್ತದೆ. ಬಹಳ ಹೊತ್ತು ಕೆಳಗೆ ಬಗ್ಗಿ ನೋಡುವಂತೆ ಹಂತಗಳನ್ನು ರಚಿಸಿದರೆ ಕುತ್ತಿಗೆ ಸೋಲುತ್ತದೆ. ಹಾಗಾಗಿ ಆಟದ ನೆಲ ಕಣ್ಣಿನ ಮಟ್ಟಕ್ಕಿಂತ ತುಸುವೇ ಕೆಳಗಿರಲಿ.

ಹಿಂದಿನ ಮೇಜಿನ ಮೇಲೆ ಹೆಡ್‌ಸೆಟ್ ಇಟ್ಟಿದ್ದೇವೆ. ಒಬ್ಬೊಬ್ಬರಾಗಿ ಬಂದು ಕುಳಿತು ಆಡಬಹುದು. ಮಧ್ಯಾಹ್ನ ಸಾವಜಿ ಊಟ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ದಯವಿಟ್ಟು ಕೊನೆಯಲ್ಲಿ ಬನ್ನಿ.