ಮೂರು ಡೊಮೇನ್, ಒಂದೇ ಮೇಲ್ ಸರ್ವರ್

ಸ್ಕ್ರೀನ್ ಮೇಲೆ ಈಗ ಕಾಣುತ್ತಿರುವುದು ಖಾಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್. ಇದರಲ್ಲಿ ಮೂರು ಡೊಮೇನ್‌ಗಳ ಮೇಲ್ ಓಡಬೇಕು. ಮೂರರಲ್ಲೂ 'ಇನ್ಫೋ' ಅಂತ ಒಂದು ವಿಳಾಸ ಇದೆ, ಮೂರೂ ಬೇರೆ ಬೇರೆಯವರದ್ದು. ಆದರೆ ಲಿನಕ್ಸ್‌ನಲ್ಲಿ ಆ ಹೆಸರಿನ ಯೂಸರ್ ಒಬ್ಬನೇ ಇರಬಹುದು, ಅಲ್ವಾ? ಅದಕ್ಕೇ ವರ್ಚುವಲ್ ಯೂಸರ್. ಇವರಿಗೆ ಲಿನಕ್ಸ್ ಅಕೌಂಟ್ ಇಲ್ಲ, ಶೆಲ್ (ಕಮಾಂಡ್ ಕೊಡುವ ಜಾಗ) ಇಲ್ಲ, ಡೇಟಾಬೇಸ್‌ನಲ್ಲಿ ಒಂದು ಸಾಲು, ಅಷ್ಟೇ. ಎಲ್ಲರ ಮೇಲ್ ಫೈಲ್‌ಗಳಿಗೂ 'ವಿಮೇಲ್' ಅನ್ನುವ ಒಬ್ಬನೇ ಮಾಲೀಕ. ಅವನಿಗೆ ಯುಐಡಿ (ಲಿನಕ್ಸ್ ಯೂಸರ್ ನಂಬರ್) 5000 ಕೊಟ್ಟಿದ್ದೇನೆ, ಖಾಲಿ ಇರುವ ಬೇರೆ ನಂಬರ್ ಆದರೂ ನಡೆಯುತ್ತದೆ.

ಹೊರಗಿನಿಂದ ಮೇಲ್ ತೆಗೆದುಕೊಳ್ಳುವುದು, ಹೊರಗೆ ಕಳಿಸುವುದು ಪೋಸ್ಟ್‌ಫಿಕ್ಸ್ ಅನ್ನುವ ಪ್ರೋಗ್ರಾಂ ಕೆಲಸ. ಬಂದ ಮೇಲನ್ನು ಅದು ಎಲ್‌ಎಂಟಿಪಿ (ಮೇಲ್ ದಾಟಿಸುವ ಪ್ರೋಟೋಕಾಲ್) ಮೂಲಕ ಡವ್‌ಕಾಟ್ ಅನ್ನುವ ಇನ್ನೊಂದು ಪ್ರೋಗ್ರಾಂ ಕೈಗೆ ಕೊಡುತ್ತದೆ. ಮೇಲ್‌ಬಾಕ್ಸ್‌ಗೆ ಹಾಕುವುದು, ಪಾಸ್‌ವರ್ಡ್ ನೋಡುವುದು, ಐಮ್ಯಾಪ್‌ನಲ್ಲಿ (ಮೇಲ್ ಆ್ಯಪ್ ಇನ್‌ಬಾಕ್ಸ್ ಓದುವ ದಾರಿ) ತೋರಿಸುವುದು ಎಲ್ಲಾ ಡವ್‌ಕಾಟ್‌ದು.

ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಈ ಸಾಲು ನೋಡಿ, 'ಮೈಡೆಸ್ಟಿನೇಶನ್', ಅಂದರೆ ಲಿನಕ್ಸ್ ಯೂಸರ್‌ಗಳಿಗೆ ಮೇಲ್ ಹೋಗುವ ಡೊಮೇನ್‌ಗಳ ಪಟ್ಟಿ. ಇಲ್ಲಿ ಲೋಕಲ್‌ಹೋಸ್ಟ್ (ಈ ಸರ್ವರ್ ತನ್ನನ್ನೇ ಕರೆಯುವ ಹೆಸರು) ಬಿಟ್ಟು ಏನೂ ಬೇಡ. ವರ್ಚುವಲ್ ಪಟ್ಟಿಯಲ್ಲಿರುವ ಡೊಮೇನನ್ನು ಇಲ್ಲೂ ಹಾಕಿದರೆ ಪೋಸ್ಟ್‌ಫಿಕ್ಸ್ ಸುಮ್ನೆ ಲಿನಕ್ಸ್ ಯೂಸರ್‌ಗಳ ನಡುವೆ ಹುಡುಕಿ, ಅಂಥವರು ಯಾರೂ ಇಲ್ಲ ಅಂತ ಮೇಲನ್ನು ವಾಪಸ್ ಕಳಿಸಿಬಿಡುತ್ತದೆ, ನೀವು ಮಾತ್ರ ಡೇಟಾಬೇಸ್ ಕೆದಕುತ್ತಾ ಕೂತಿರುತ್ತೀರಿ. ಎರಡೂ ಕಡೆ ಹಾಕಬೇಡಿ ಅಂತ ಲಾಗ್‌ನಲ್ಲಿ ಎಚ್ಚರಿಕೆಯೂ ಬರುತ್ತದೆ, ಓದುವವರು ಬೇಕು. ಡೇಟಾಬೇಸ್ ಸರಿ ಇದೆಯಾ ನೋಡಲು 'ಪೋಸ್ಟ್‌ಮ್ಯಾಪ್ ಮೈನಸ್ ಕ್ಯೂ' ಅನ್ನುವ ಕಮಾಂಡ್ ಸಾಕು. ವಿಳಾಸ ಸಿಕ್ಕಿದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಏನೂ ಬರುವುದಿಲ್ಲ.

ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಸರ್ಟಿಫಿಕೇಟ್ ಮೂರು ಬೇಕಾ? ಬೇಡ. ಮೂರೂ ಡೊಮೇನ್‌ಗಳ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ಸಾಲು) ಒಂದೇ ಹೋಸ್ಟ್‌ನೇಮ್ ಕಡೆ ತೋರಿಸಲಿ, ಮೇಲ್ ಆ್ಯಪ್‌ನಲ್ಲೂ ಅದೇ ಹೆಸರು ಹಾಕಿ, ಸರ್ಟಿಫಿಕೇಟ್ ಆ ಹೆಸರಿಗೆ ಇದ್ದರೆ ಸಾಕು. ಪಿಟಿಆರ್ (ಐಪಿ ವಿಳಾಸದಿಂದ ಹೆಸರು ಹೇಳುವ ರೆಕಾರ್ಡ್) ಕೂಡ ಅದೇ ಹೆಸರಿಗೆ. ಮೇಲ್ ನಕಲಿ ಅಲ್ಲ ಅಂತ ಪರೀಕ್ಷಿಸಲು ಇರುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ರೆಕಾರ್ಡ್‌ಗಳು ಮಾತ್ರ ಪ್ರತಿ ಡೊಮೇನ್‌ಗೂ ಬೇರೆ ಬೇರೆ.

ಇನ್ನು ಕ್ಯಾಚ್-ಆಲ್. ಯಾವ ಹೆಸರಿಗೆ ಬರೆದರೂ ಒಂದೇ ಇನ್‌ಬಾಕ್ಸ್‌ಗೆ ಬರಲಿ ಅಂತ ಜಾಸ್ತಿ ಜನ ಕೇಳುತ್ತಾರೆ. ಪೋಸ್ಟ್‌ಫಿಕ್ಸ್ ಮೊದಲು ನೋಡುವುದು ಅಲಿಯಾಸ್ ಪಟ್ಟಿ (ಒಂದು ವಿಳಾಸದ ಮೇಲನ್ನು ಇನ್ನೊಂದಕ್ಕೆ ತಿರುಗಿಸುವುದು), ಮೇಲ್‌ಬಾಕ್ಸ್ ಪಟ್ಟಿ ಆಮೇಲೆ. ಹಾಗಾಗಿ ಅಲಿಯಾಸ್‌ನಲ್ಲಿ ಕ್ಯಾಚ್-ಆಲ್ ಕೂತರೆ ನಿಜವಾದ ಯೂಸರ್‌ಗಳ ಮೇಲ್ ಕೂಡ ಅದರ ಬಾಯಿಗೇ ಹೋಗುತ್ತದೆ. ತಪ್ಪಿಸಬೇಕಾದರೆ ಪ್ರತಿ ನಿಜ ವಿಳಾಸಕ್ಕೂ ಅದೇ ವಿಳಾಸವನ್ನು ಅಲಿಯಾಸ್ ಮಾಡಬೇಕು. ನಾನಂತೂ ಕ್ಯಾಚ್-ಆಲ್ ಹಾಕುವುದೇ ಇಲ್ಲ, ಅದಕ್ಕೆ ಬರುವುದೆಲ್ಲ ಹೆಚ್ಚುಕಮ್ಮಿ ಸ್ಪ್ಯಾಮೇ.