ಟಿಪ್ಪು ಸೀರಿಯಲ್ಲಿನ ಸೈನ್ಯದಲ್ಲಿ ಇದ್ದವರು

ನಮಸ್ಕಾರ ಕೇಳುಗರೇ.

ನಾನು ಮೈಸೂರಿನಲ್ಲಿ ನಾಟಕಗಳಿಗೆ ಲೈಟ್ ಹಾಕುವವನು. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. ಕಲಾಮಂದಿರದಲ್ಲೂ ಹಾಕಿದ್ದೇನೆ, ಮಂಡ್ಯದ ಕಡೆ ಹಳ್ಳಿಗಳಲ್ಲಿ ಬೆಳಗಿನ ಜಾವದವರೆಗೂ ನಡೆಯುವ ಕುರುಕ್ಷೇತ್ರ ನಾಟಕಗಳಿಗೂ ಹಾಕಿದ್ದೇನೆ. ಇವತ್ತು ಮಾತಾಡಬೇಕು ಅಂತ ಬಂದಿರುವುದು ಒಂದು ಹಳೆಯ ಟಿವಿ ಸೀರಿಯಲ್ ಬಗ್ಗೆ, ಅದಕ್ಕಿಂತ ಜಾಸ್ತಿ ಅದನ್ನು ಮಾಡಿದ ಜನರ ಬಗ್ಗೆ.

1990ರಲ್ಲಿ ದೂರದರ್ಶನದಲ್ಲಿ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಅನ್ನುವ ಹಿಂದಿ ಸೀರಿಯಲ್ ಬರುತ್ತಿತ್ತು. ನಾನಾಗ ನಾಲ್ಕನೇ ಕ್ಲಾಸು. ನಮ್ಮ ವಠಾರದಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಸೀರಿಯಲ್ ಹೊತ್ತಿಗೆ ಆ ಮನೆಯವರು ಹಾಲ್‌ನಲ್ಲಿ ಚಾಪೆ ಹಾಸಿ ಬಾಗಿಲು ತೆರೆದಿಡುತ್ತಿದ್ದರು, ನಾವು ಮಕ್ಕಳೆಲ್ಲ ಮುಂದೆ, ದೊಡ್ಡವರು ಗೋಡೆಗೆ ಒರಗಿಕೊಂಡು, ಜಾಗ ಸಿಗದವರು ಕಿಟಕಿ ಸರಳು ಹಿಡಿದುಕೊಂಡು. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಕುದುರೆ ಓಡಿದರೆ, ಫಿರಂಗಿ ಸಿಡಿದರೆ ನಮಗೆ ಅಷ್ಟೇ ಸಾಕಾಗಿತ್ತು.

ಆದರೆ ಆ ಮನೆಯ ಅಜ್ಜಿ ಮಾತ್ರ ಕತೆ ನೋಡುತ್ತಿರಲಿಲ್ಲ. ಮುಖ ಹುಡುಕುತ್ತಿದ್ದರು. ‘ಅಗೋ, ಎಡಗಡೆ ಮೂರನೆಯವನು, ನಮ್ಮ ಹಿಂದಿನ ಬೀದಿ ಹುಡುಗ ಅಲ್ವಾ ಅವನು?’ ಅಂತ ಕೂಗುವರು. ಅಷ್ಟರಲ್ಲಿ ಮುಖ ಹೋಗಿ ಧೂಳು ಬಂದಿರುತ್ತಿತ್ತು. ಅಜ್ಜಿ ಯಾಕೆ ಹಾಗೆ ಹುಡುಕುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ತುಂಬಾ ವರ್ಷ ಆದ ಮೇಲೆ, ನಾನೇ ಕೇಬಲ್ ಸುತ್ತಲು ಕಲಿತ ಮೇಲೆ.

ಆ ಸೀರಿಯಲ್ಲಿನ ದೊಡ್ಡ ಹೆಸರುಗಳು ಎಲ್ಲರಿಗೂ ಗೊತ್ತು. ಭಗವಾನ್ ಗಿದ್ವಾನಿ ಅವರ ಕಾದಂಬರಿ ಅದಕ್ಕೆ ಆಧಾರ. ಟಿಪ್ಪು ಆಗಿ ನಟಿಸಿದ್ದು ಸಂಜಯ್ ಖಾನ್, ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ನಿರ್ದೇಶನದಲ್ಲಿ ಅವರ ಜೊತೆ ತಮ್ಮ ಅಕ್ಬರ್ ಖಾನ್ ಇದ್ದರು. ಸಂಗೀತ ನೌಷಾದ್ ಅವರದು. ಹೈದರ್ ಅಲಿ ಪಾತ್ರ ಮಾಡಿದ್ದು ಶಹಬಾಜ್ ಖಾನ್, ಇಂದೋರ್ ಘರಾಣೆಯ ದೊಡ್ಡ ಗಾಯಕ ಉಸ್ತಾದ್ ಅಮೀರ್ ಖಾನ್ ಅವರ ಮಗ. ಆ ದಪ್ಪ ದನಿ ಕೇಳಿದರೆ ಈಗಲೂ ನನಗೆ ಆ ಚಾಪೆಯೇ ನೆನಪಿಗೆ ಬರುವುದು. ದಿವಾನ್ ಪೂರ್ಣಯ್ಯನಾಗಿ ಅನಂತ್ ಮಹದೇವನ್. ಇವರೆಲ್ಲರ ಹೆಸರು ಪರದೆ ಮೇಲೆ ಬಂದಿವೆ. ಬರಬೇಕಾದದ್ದೇ, ಅವರು ದುಡಿದಿದ್ದಾರೆ.

ಉಳಿದವರು? ಯುದ್ಧದ ಸೀರಿಯಲ್ ಅಂದರೆ ಒಬ್ಬ ರಾಜ ಮಾತಾಡುವುದಕ್ಕೆ ಹಿಂದೆ ನೂರು ಜನ ನಿಂತಿರಬೇಕು. ರುಮಾಲು ಸುತ್ತಬೇಕು, ಮೀಸೆ ಅಂಟಿಸಬೇಕು, ನೂರು ಅಂಗಿಗೂ ಗುಂಡಿ ಹಾಕಬೇಕು. ಕತ್ತಿಗೆ ಬೆಳ್ಳಿ ಬಣ್ಣ ಬಳಿಯುವವನು ಬೇರೆ, ಕುದುರೆ ಹಿಡಿಯುವವನು ಬೇರೆ, ಬಿಸಿಲಲ್ಲಿ ನಿಂತವರಿಗೆ ನೀರು ಕೊಡುವ ಹುಡುಗ ಬೇರೆ. ಇವರಲ್ಲಿ ಒಬ್ಬ ಬರಲಿಲ್ಲ ಅಂದರೆ ಶಾಟ್ ನಿಂತುಹೋಗುತ್ತದೆ. ಮುಂಬೈಯಿಂದ ಒಂದಷ್ಟು ಜನ ಬಂದರೆ ಇನ್ನೊಂದಷ್ಟು ಜನ ಇದೇ ಊರಿನವರು, ದಿನದ ಬಾಟಾಕ್ಕೆ, ಅಂದರೆ ದಿನಗೂಲಿಗೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು.

ಈ ಸೀರಿಯಲ್ಲಿನ ಶೂಟಿಂಗ್ ನಡೆಯುತ್ತಿದ್ದದ್ದು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ. ನಾನು ಈಗ ಕೂತಿರುವ ಯಾದವಗಿರಿಯಿಂದ ಬಹಳ ದೂರ ಏನಲ್ಲ. ಕನ್ನಡದ ಎಷ್ಟೋ ಸಿನಿಮಾಗಳು ಅಲ್ಲೇ ತಯಾರಾದವು. 1989ರ ಫೆಬ್ರುವರಿ 8ರಂದು, ಸೀರಿಯಲ್ ಇನ್ನೂ ಟಿವಿಗೆ ಬರುವ ಮೊದಲೇ, ಅಲ್ಲಿ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ತೀರಿಕೊಂಡರು. ಸಂಜಯ್ ಖಾನ್ ಅವರಿಗೆ ಮೈತುಂಬಾ ಸುಟ್ಟ ಗಾಯ, 13 ತಿಂಗಳು ಆಸ್ಪತ್ರೆ, 70ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಅವರು ಎದ್ದು ಬಂದು ಮತ್ತೆ ಆ ವೇಷ ಹಾಕಿಕೊಂಡರು. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ.

ಈಗ ನನ್ನ ಕೆಲಸಕ್ಕೆ ಸಂಬಂಧಪಟ್ಟ ಮಾತು ಹೇಳುತ್ತೇನೆ, ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಿ. ಆಗ ಪತ್ತೆಯಾದ ಕಾರಣಗಳು ಮುಖ್ಯವಾಗಿ ಎರಡು. ವೈರಿಂಗ್ ಸಡಿಲ ಇತ್ತು, ಗಾಳಿ ಹೋಗಲು ದಾರಿ ಇರಲಿಲ್ಲ. ಜೊತೆಗೆ ಗೋಡೆಗೆಲ್ಲ ಗೋಣಿತಾಟು ಹೊದಿಸಿದ್ದರು. ಕೇಳಿದವರು ‘ಅಯ್ಯೋ, ಗೋಣಿ ಯಾಕೆ ಹಾಕಬೇಕಿತ್ತು?’ ಅನ್ನುತ್ತಾರೆ. ಸುಮ್ನೆ ಹಾಕಿದ್ದಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಮಾತು ಗೋಡೆಗೆ ಬಡಿದು ಗುಂಯ್ ಅನ್ನಬಾರದು ಅಂತ ಗೋಣಿ ಹೊದಿಸುತ್ತಿದ್ದರು. ಹೊರಗಿನ ಬಸ್ಸಿನ ಸದ್ದು ಒಳಗೆ ಬರಬಾರದು ಅಂತ ಕಿಟಕಿ ಇರುತ್ತಿರಲಿಲ್ಲ, ಶಾಟ್ ಶುರುವಾದರೆ ಬಾಗಿಲೂ ಮುಚ್ಚಬೇಕು. ಆಗಿನ ದೊಡ್ಡ ಬಲ್ಬುಗಳು ಎಂಥವು ಗೊತ್ತಾ, ಹತ್ತು ಪಾಲು ಕರೆಂಟು ಕುಡಿದರೆ ಒಂಬತ್ತು ಪಾಲಿಗಿಂತ ಜಾಸ್ತಿ ಬಿಸಿಯಾಗಿಯೇ ಹೊರಗೆ ಬರುತ್ತದೆ, ಉಳಿದ ಚೂರೇ ಬೆಳಕು. ಶೂಟಿಂಗ್ ನಡೆಯುತ್ತಿದ್ದ ಆ ಹಾಲ್‌ನಲ್ಲಿ ಬಿಸಿ ಸುಮಾರು 120 ಡಿಗ್ರಿವರೆಗೂ ಏರಿತ್ತು ಅಂತ ದಾಖಲಾಗಿದೆ. ಬೆಂಕಿ ಬಿದ್ದಾಗ ಆರಿಸಲು ಕೈಗೆ ಸಿಕ್ಕಿದ್ದು ನೀರು ಮತ್ತು ಮರಳು. ಒಣಗಿದ ಗೋಣಿಗೆ ಬೆಂಕಿ ಹತ್ತಿದರೆ ಅದು ಎಷ್ಟು ಬೇಗ ಮೇಲಕ್ಕೆ ಓಡುತ್ತದೆ ಅಂತ ನಮ್ಮ ಹಳ್ಳಿಯ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ.

ಮಾತು ಚೆನ್ನಾಗಿ ಕೇಳಲಿ ಅಂತ ಮಾಡಿದ ವ್ಯವಸ್ಥೆಯೇ ಒಳಗಿದ್ದವರನ್ನು ಕೂಡಿಹಾಕಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಸಂಕಟ ಹೋಗಿಲ್ಲ.

ನನಗೆ ಲೈಟು ಕಲಿಸಿದವರು ಒಬ್ಬ ಹಿರಿಯರು, ಈಗ ಇಲ್ಲ. ಮೊದಲ ದಿನ ಅವರು ಸ್ವಿಚ್ ಮುಟ್ಟಲು ಬಿಡಲಿಲ್ಲ. ಲೈಟ್ ಹಚ್ಚಿ ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಆಮೇಲೆ ಎಲ್ಲ ಆಫ್ ಮಾಡಿ, ನನ್ನ ಕೈ ಹಿಡಿದು ಒಂದೊಂದೇ ಪ್ಲಗ್ಗಿನ ಮೇಲೆ ಇಡಿಸಿದರು, ಅಂಗೈ ಅಲ್ಲ, ಹಿಂಗೈ. ‘ಎಲ್ಲೋ ಕರೆಂಟ್ ಉಳಿದಿದ್ದರೆ ಅಂಗೈ ಮುದುರಿ ತಂತಿಯನ್ನೇ ಹಿಡಿದುಕೊಳ್ಳುತ್ತೆ ಕಣಪ್ಪ, ಹಿಂಗೈ ಆದರೆ ಎಗರಿಸಿಬಿಡುತ್ತೆ’ ಅಂದರು. ಬೆಚ್ಚಗಿದ್ದರೆ ಪರವಾಗಿಲ್ಲ, ಮುಟ್ಟಲಾಗದಷ್ಟು ಬಿಸಿ ಇದ್ದರೆ ಒಳಗೆ ಸ್ಕ್ರೂ ಸಡಿಲ ಇದೆ ಅಂತ ಅರ್ಥ. ಬಿಚ್ಚಿ ತೋರಿಸಿದರು. ತಾಮ್ರದ ಎಳೆಗಳು ಕಪ್ಪಗೆ ಆಗಿದ್ದವು, ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಮತ್ತೆ ಗಟ್ಟಿಯಾಗಿತ್ತು. ಕಡಲೆಕಾಳಿನಷ್ಟು ಸ್ಕ್ರೂ. ಅದನ್ನು ಅರ್ಧ ಸುತ್ತು ತಿರುಗಿಸಿ ಬಿಗಿ ಮಾಡಿ ಅವರು ಹೇಳಿದ ಒಂದೇ ಮಾತು, ‘ಪ್ರೀಮಿಯರ್ ನೆನಪಿಟ್ಟುಕೋ.’ ನನಗೆ ಆಗ ಪೂರ್ತಿ ಅರ್ಥ ಆಗಲಿಲ್ಲ. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಒಲೆ ಆರಿಸಿ ಬಂದು ಕೂತು ಎಲ್ಲ ಹೇಳಿದರು, ಅಜ್ಜಿ ಹುಡುಕುತ್ತಿದ್ದ ಆ ಹಿಂದಿನ ಬೀದಿ ಹುಡುಗನ ವಿಷಯವನ್ನೂ. ಅವನು ಬೆಂಕಿಗೆ ಮುಂಚೆ ತೆಗೆದ ಶಾಟ್‌ಗಳಲ್ಲಿ ನಿಂತಿದ್ದನಂತೆ. ಅಜ್ಜಿ ಅವನನ್ನು ಟಿವಿಯಲ್ಲಿ ಒಂದು ಸಲ ನೋಡಬೇಕು ಅಂತ ಕಾಯುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆ ನೋಡಿರುತ್ತೀರಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್ ಇದ್ದಾನೆ, ಟಿಪ್ಪು ಇದ್ದಾನೆ, ಪಲ್ಲಕ್ಕಿಯಲ್ಲಿ ಸೋತ ಬ್ರಿಟಿಷ್ ಕರ್ನಲ್ ಬೇಯ್ಲಿ ಕೂತಿದ್ದಾನೆ. ಗೈಡ್ ಇವರನ್ನೇ ಕೋಲಿನಿಂದ ತೋರಿಸಿ ಮುಂದೆ ಹೋಗುತ್ತಾರೆ. ನೀವು ಮಾತ್ರ ಸ್ವಲ್ಪ ನಿಂತು ನೋಡಿ. ಸಾಲುಸಾಲು ಸಿಪಾಯಿಗಳು, ಬರೆದ ಕಲಾವಿದ ಒಬ್ಬೊಬ್ಬನಿಗೂ ಮೀಸೆ ತಿದ್ದಿದ್ದಾನೆ, ರುಮಾಲು ಸುತ್ತಿದ್ದಾನೆ, ಕೈಗೆ ಆಯುಧ ಕೊಟ್ಟಿದ್ದಾನೆ. ಅಷ್ಟು ಸಣ್ಣ ಮುಖಕ್ಕೆ ಯಾರು ಅಷ್ಟು ಹೊತ್ತು ಕೊಡುತ್ತಾರೆ ಹೇಳಿ? ಅವನು ಕೊಟ್ಟಿದ್ದಾನೆ. ಹೋದ ವರ್ಷ ನಮ್ಮ ತಂಡದ ಇಬ್ಬರು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಬಹಳ ಹೊತ್ತು ನೋಡಿ, ‘ಅಣ್ಣ, ಇವರ್‍ಯಾರಿಗೂ ಹೆಸರಿಲ್ವಲ್ಲ’ ಅಂದ.

ಈಗ ಲೈಟುಗಳು ಬದಲಾಗಿವೆ. ಎಲ್‌ಇಡಿ ಬಂದಿದೆ, ಅಷ್ಟು ಬಿಸಿ ಇಲ್ಲ. ಆದರೂ ಜಾತ್ರೆ ಸಮಯದಲ್ಲಿ ಹಳ್ಳಿಗೆ ಹೋದರೆ ನೋಡುತ್ತೇನೆ, ಸ್ಟೇಜಿಗೆ ತೆಂಗಿನ ಗರಿಯ ಚಪ್ಪರ, ಹಿಂದೆ ಬಟ್ಟೆ ಪರದೆ, ಜನರೇಟರಿನಿಂದ ಬರುವ ವೈರಿಗೆ ಎರಡು ಕಡೆ ಜೋಡಣೆ, ಒಂದು ಕಡೆ ಟೇಪು ಬಿಟ್ಟುಹೋಗಿದೆ. ನಮ್ಮೂರ ನಾಟಕ ಸಂಘದವರಿಗೆ ನನ್ನ ಕೈಮುಗಿದ ಬೇಡಿಕೆ ಇದು. ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ದುಡ್ಡು ಎತ್ತಿಡುವಾಗ ಬೆಂಕಿ ಆರಿಸುವ ಎರಡು ಸಿಲಿಂಡರಿಗೂ ಎತ್ತಿಡಿ. ಸ್ಟೇಜಿನ ಹಿಂದೆ ಬಣ್ಣದ ಕೋಣೆಗೆ ಎರಡು ಬಾಗಿಲು ಬಿಡಿ, ಒಂದಕ್ಕೆ ಟ್ರಂಕು ಅಡ್ಡ ಇಡಬೇಡಿ. ದುರ್ಯೋಧನನ ಕಿರೀಟಕ್ಕೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ವೈರಿಗೆ ಕೊಟ್ಟರೆ ಸಾಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ಊರಿನಲ್ಲಿ, ಮಂಡ್ಯದಲ್ಲಿ, ಶ್ರೀರಂಗಪಟ್ಟಣದಲ್ಲಿ ಆ ಸೀರಿಯಲ್ಲಿಗೆ ಕೆಲಸ ಮಾಡಿದವರು ಇನ್ನೂ ಇದ್ದಾರೆ. ಈಟಿ ಹಿಡಿದು ನಿಂತವರು, ಬಟ್ಟೆ ಇಸ್ತ್ರಿ ಮಾಡಿದವರು, ಸೆಟ್ಟಿಗೆ ಮೊಳೆ ಹೊಡೆದವರು. ವಯಸ್ಸಾಗಿದೆ ಅವರಿಗೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಒಂದು ಸಂಜೆ ಕಾಫಿ ಕೊಟ್ಟು ಕೂರಿಸಿಕೊಳ್ಳಿ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಪಕ್ಕಕ್ಕಿಡಿ. ಬೆಂಕಿಯ ವಿಷಯದಿಂದ ಶುರು ಮಾಡಬೇಡಿ. ಬಾಟಾ ಎಷ್ಟು ಕೊಡುತ್ತಿದ್ದರು, ಊಟಕ್ಕೆ ಏನಿರುತ್ತಿತ್ತು, ಕುದುರೆ ಯಾರನ್ನು ಬೀಳಿಸಿತು, ಇದನ್ನು ಕೇಳಿ. ಆಮೇಲೆ ಪಕ್ಕದಲ್ಲಿ ಯಾರು ಯಾರು ನಿಂತಿದ್ದರು ಅಂತ ಕೇಳಿ, ಹೆಸರು ಹೇಳಿದರೆ ಬರೆದುಕೊಳ್ಳಿ.

ನಮಸ್ಕಾರ.